ಸಿನಿಮಾ ಹೇಗಿತ್ತು ಅಂತ ಊರಮ್ಮನನ್ನೇ ಕೇಳಿದ್ದು

ಸಿಂಚು, ಯಶು, ನಿಮ್ಮಜ್ಜಿಗೆ ಅಭಿಪ್ರಾಯ ಹೇಳುವುದೆಂದರೆ ಮೊದಲಿಂದಲೂ ಭಯ. ಸಾರಿಗೆ ಉಪ್ಪು ಸರಿಯಿದೆಯಾ ಅಂತ ನಿಮ್ಮಮ್ಮ ಕೇಳಿದರೆ "ಊಟ ಸೇರಿತು ಕಣವ್ವ" ಅನ್ನುತ್ತೇನೆ. ಎರಡು ಸೀರೆ ಮುಂದಿಟ್ಟು ಯಾವುದು ಬೇಕು ಅಂದರೆ ಎರಡನ್ನೂ ಮಡಿಸಿಡಲು ಶುರು ಮಾಡುತ್ತೇನೆ. ಊರಿನ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದಾಗ, ಉತ್ತರ ಗೊತ್ತಿದ್ದೂ ಬಗ್ಗಿ ಬಳಪ ಹುಡುಕುತ್ತಿದ್ದವಳು ನಾನು. ಅಭಿಪ್ರಾಯ ಇರುವವರು ಊರ ತುಂಬ ಇದ್ದಾರೆ, ಕೇಳಿಸಿಕೊಳ್ಳುವುದಕ್ಕೂ ಒಬ್ಬರು ಬೇಕಲ್ಲ ಅಂತ ನನ್ನ ಸಮಾಧಾನ. ಅಂಥವಳು ಊರಮ್ಮನ ಗುಡಿಯಲ್ಲಿ, ನಾಲ್ಕು ಜನರೆದುರು ಕಿರುಚಿಕೊಂಡೆ. ನೀವಿಬ್ಬರೂ ಅಲ್ಲೇ ಇದ್ದಿರಿ. ಆದರೆ ಸಿಂಚುವಿನ ಕಣ್ಣು ತಟ್ಟೆಯ ಬಾಳೆಹಣ್ಣಿನ ಮೇಲಿತ್ತು, ಯಶು ಗುಡಿಯ ಬೆಕ್ಕಿನ ಹಿಂದೆ ಹೋಗಿದ್ದ. ಅದಕ್ಕೇ ಬರೆದಿಡುತ್ತಿದ್ದೇನೆ.

ಎಲ್ಲಕ್ಕೂ ಕಾರಣ ನಾವೆಲ್ಲ ಮಂಡ್ಯಕ್ಕೆ ಹೋಗಿ ನೋಡಿದ ಒಂದು ಸಿನಿಮಾ. ಅದರಲ್ಲಿ ಒಬ್ಬ ತಾತನಿಗೆ ತನ್ನ ಕಬ್ಬಿಣದ ಮಂಚ ಬಿಟ್ಟರೆ ಬೇರೆ ಕಡೆ ನಿದ್ದೆಯೇ ಬರುವುದಿಲ್ಲ. ಹಾಗಂತ ಮನೆಯವರು ಆ ಮಂಚವನ್ನೇ ವ್ಯಾನಿನ ಮೇಲೆ ಕಟ್ಟಿಕೊಂಡು ಸಮುದ್ರ ನೋಡಲು ಹೊರಡುತ್ತಾರೆ. ದಾರಿ ತಪ್ಪುತ್ತಾರೆ, ಯಾರದೋ ಮದುವೆಗೆ ನುಗ್ಗಿ ಉಂಡು, ನಾಚಿಕೆಯಿಲ್ಲದೆ ಮುಯ್ಯಿ ಬೇರೆ ಓದಿಸಿ, ಫೋಟೋಗೆ ನಿಲ್ಲುತ್ತಾರೆ. ಕೊನೆಗೆ ಮರಳಿನ ಮೇಲೆ ಮಂಚ ಹಾಕುತ್ತಾರೆ, ತಾತ ಗೊರಕೆ ಹೊಡೆಯುತ್ತಾನೆ. ಮುಗಿಯಿತು. ಟಾಕೀಸಿನಲ್ಲಿ ಒಂದು ಕಡೆಯವರು ಬಿದ್ದು ಬಿದ್ದು ನಗುತ್ತಿದ್ದರು, ಇನ್ನೊಂದು ಕಡೆಯವರು ಅವರನ್ನು ನೋಡಿ ಇದರಲ್ಲಿ ನಗುವಂಥದ್ದೇನಿದೆ ಅಂತ ಹುಡುಕುತ್ತಿದ್ದರು. ಹಿಂದಿನ ಸಾಲಿನಿಂದ ಒಬ್ಬ, "ಲೋ ಡ್ರೈವರಾ, ಬಿರ್ರನೆ ಓಡ್ಸ್ಲಾ, ಊರಿಗೆ ಕೊನೇ ಬಸ್ಸು ಒಂಟೋಯ್ತದೆ!" ಅಂತ ಕೂಗಿದ. ನನ್ನ ಪಕ್ಕದ ಹೆಂಗಸು ಮಾತ್ರ ಮಂಚ ಕಂಡಾಗಲೆಲ್ಲ ಅಳುತ್ತಿದ್ದಳು. ಅವಳ ಮನೆಯ ಮಂಚದ ಕಥೆ ಏನೋ, ಕೇಳಲು ನನಗೆ ಸಂಕೋಚ.

ವಾಪಸು ಬರುವಾಗ ಮದ್ದೂರಿನಲ್ಲಿ ವಡೆ ತಿನ್ನಲು ನಿಂತೆವು. ಅಲ್ಲಿ ಶುರುವಾಯಿತು. ನಿಮ್ಮ ತಾತನ ಅಕ್ಕ, ಮಳವಳ್ಳಿಯ ದೊಡ್ಡಜ್ಜಿ, ವಡೆ ಮುರಿಯುತ್ತಾ ನಿಮ್ಮಪ್ಪನತ್ತ ತಿರುಗಿ ತೀರ್ಪು ಕೊಟ್ಟರು: "ಯಾವನಾರ ಮಂಚ ಒತ್ಕೊಂಡು ಟೂರ್ ಓಯ್ತಾನೇನ್ಲಾ ಮಯೇಸ? ಕತೆಯಿಲ್ಲ, ಒಂದು ಒಡ್ದಾಟ ಇಲ್ಲ. ಇದ್ನ ತೋರ್ಸಾಕೆ ಮಳವಳ್ಳಿಯಿಂದ ಎಳ್ಕೊಂಡ್ಬಂದಾ?" ನಿಮ್ಮಪ್ಪ, "ಅಯ್ಯೋ ಅತ್ತೆ, ಅದು ನಮ್ಮನೆ ಕತೆನೇ. ಎಷ್ಟು ಚೆನ್ನಾಗಿತ್ತು!" ಅಂದ. ನಿಮ್ಮಮ್ಮ ಅವನ ಪರ. ದೊಡ್ಡಜ್ಜಿಯ ಪರ ಯಾರೂ ಇರಲಿಲ್ಲ. ಅವರಿಗೆ ಯಾವತ್ತೂ ಯಾರೂ ಬೇಕಾಗಿಲ್ಲ. ಹುರುಪಿನಲ್ಲಿ ನಿಮ್ಮಪ್ಪ ಒಂದು ಮಾತು ಎಸೆದುಬಿಟ್ಟ: "ರಜಕ್ಕೆ ನಾವೂ ಹಿಂಗೇ ವ್ಯಾನು ಮಾಡ್ಕೊಂಡು ಸಮುದ್ರಕ್ಕೆ ಹೋಗೋಣ."

ನನ್ನ ಕೈಯಲ್ಲಿದ್ದ ವಡೆ ಹಾಗೇ ನಿಂತಿತು. ಮಕ್ಕಳಾ, ನಾನು ಸಮುದ್ರ ನೋಡಿರಲಿಲ್ಲ. ನಿಮ್ಮ ತಾತ ಇದ್ದಾಗ ಪ್ರತಿ ಸಲ ಹೊರಡುವ ಮಾತಾಗುತ್ತಿತ್ತು. ಸರಿಯಾಗಿ ಅದೇ ವಾರ ಕಬ್ಬು ಕಡಿಯುವ ಆಳುಗಳು ಬಂದು ನಿಲ್ಲುತ್ತಿದ್ದರು. ತಾತ ತೀರಿಕೊಂಡ ಮೇಲೆ ಆ ಮಾತೂ ನಿಂತುಹೋಗಿತ್ತು. ಈಗ ಮತ್ತೆ ಬಂತು ಅನ್ನುವಷ್ಟರಲ್ಲಿ ದೊಡ್ಡಜ್ಜಿ, "ಆ ಸಿನ್ಮಾ ನೋಡಿ ಟೂರ್ ಓಗೋದಾ? ನಾನು ಬರಾಕಿಲ್ಲ, ನೀವೂ ಓಗ್ಕೂಡ್ದು" ಅಂದರು. ಅವರು ಒಪ್ಪದೆ ನಮ್ಮ ಮನೆಯಲ್ಲಿ ಎಮ್ಮೆ ಕೂಡ ಕೊಳ್ಳುವುದಿಲ್ಲ. "ನೀ ಏನಂತೀಯೆ ಜಯಾ?" ಅಂತ ನನ್ನತ್ತ ತಿರುಗಿದರು. ನಾನು "ಚಟ್ನಿ ಚೆನ್ನಾಗಿದೆ ಅಕ್ಕಾ" ಅಂದೆ.

ದೊಡ್ಡಜ್ಜಿ ಆ ವಾರ ಆತಗೂರಿನ ನಮ್ಮ ಮನೆಯಲ್ಲೇ ಉಳಿದರು. ಮನೆ ಎರಡು ಪಕ್ಷವಾಯಿತು. ಮುದ್ದೆ ತೊಳಸುವಾಗ ಸಿನಿಮಾ, ಹಾಲು ಕರೆಯುವಾಗ ಸಿನಿಮಾ. ಹಾಲು ಹಾಕಿಸಿಕೊಳ್ಳಲು ಬಂದವರನ್ನೂ ನಿಲ್ಲಿಸಿ ಕಥೆ ಹೇಳಿ, ನ್ಯಾಯ ಹೇಳಿ ಅನ್ನುತ್ತಿದ್ದರು. ಕೊನೆಗೆ ದೊಡ್ಡಜ್ಜಿಯೇ, "ಊರಮ್ಮನ್ನೇ ಊ ಕೇಳ್ಬುಡಾನ ಕಣ್ಲಾ" ಅಂದರು.

ಹೂ ಕೇಳುವುದು ನಿಮಗೆ ಗೊತ್ತಲ್ಲ. ಪೂಜಾರಪ್ಪ ಒದ್ದೆ ಮಾಡಿದ ಹೂವನ್ನು ಅಮ್ಮನ ಮೈಮೇಲೆ ಎರಡೂ ಕಡೆ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಹೆಣ್ಣು ಕೊಡುವುದಕ್ಕೂ ಬೋರು ಕೊರೆಸುವುದಕ್ಕೂ ನಮ್ಮೂರಲ್ಲಿ ಇದೇ ತೀರ್ಮಾನ. "ಏನಂತ ಕೇಳ್ಳವ್ವ?" ಅಂದರು ಪೂಜಾರಪ್ಪ. ಟೂರಿನ ವಿಷಯ ಕೇಳಬೇಕಾಗಿತ್ತು. ಜಗಳದ ಕಾವಿನಲ್ಲಿ ದೊಡ್ಡಜ್ಜಿ ಕೈಮುಗಿದು, "ಆ ಮಂಚದ ಸಿನ್ಮಾ ಚೆಂದಾಗದೋ ಇಲ್ವೋ, ಅದ್ನ ಕೇಳಪ್ಪ" ಅಂದುಬಿಟ್ಟರು!

"ಮಂಚದ್ದಾ? ನಾನೂ ನೋಡಿವ್ನಿ" ಅಂದರು ಪೂಜಾರಪ್ಪ. "ಮದ್ವೆ ಊಟದವರ್ಗೂ ಚೆಂದಾಗದೆ. ಆಮೇಲೆ ವಸಿ ಎಳ್ದವ್ನೆ."

"ನಿನ್ನ ಯಾರ್ಲಾ ಕೇಳಿದ್ದು? ಅಮ್ಮನ್ನ ಕೇಳು."

ಬೋರಿಗೆ ಹೂ ಕೇಳಲು ಕಾದಿದ್ದವರೂ ಬಾಯಿ ಹಾಕಿದರು. ಒಬ್ಬರು "ಸೂಪರ್ ಕಣಕ್ಕ" ಅಂದರೆ ಇನ್ನೊಬ್ಬರು "ನಾನು ಅರ್ಧಕ್ಕೇ ಎದ್ದು ಬಂದೆ" ಅಂದರು. ಚೆನ್ನಾಗಿದೆ ಅನ್ನುವವರು ತಾವಾಗಿಯೇ ಬಲಗಡೆ ಸರಿದರು, ಇಲ್ಲ ಅನ್ನುವವರು ಎಡಗಡೆ. ನಡುವೆ ನಾನೊಬ್ಬಳು ಕರ್ಪೂರದ ಹೊಗೆ ಕುಡಿಯುತ್ತಾ ನಿಂತಿದ್ದೆ. ಹೂ ಮಾತ್ರ ಅಲುಗಲಿಲ್ಲ. "ಅಮ್ಮ ಇನ್ನೂ ನೋಡಿಲ್ವೇನೋ" ಅಂತ ಯಾರೋ ಅಂದರು. ಪೂಜಾರಪ್ಪ ಗಂಟೆ ಬಾರಿಸಿ ಬಾರಿಸಿ ಕೈ ಬದಲಿಸಿದರು. ಎಡಗಡೆಯ ಹೂ ಒಂಚೂರು ಜಾರಿದ ಹಾಗೆ ಕಂಡಿತು. ನನ್ನ ಸಮುದ್ರ ಒಂದು ಸೇವಂತಿಗೆ ಎಸಳಿನಲ್ಲಿ ಜಾರುತ್ತಿತ್ತು, ಮಕ್ಕಳಾ. ನನಗೇನಾಯಿತೋ ಗೊತ್ತಿಲ್ಲ.

"ಸಿನಿಮಾ ಹಾಳಾಗೋಗ್ಲಿ ಅಕ್ಕಾ, ನಾನು ಸಮುದ್ರ ನೋಡ್ಬೇಕು!"

ಟಪ್ ಅಂತ ಬಲಗಡೆಯ ಹೂ ಬಿತ್ತು.

ದೊಡ್ಡಜ್ಜಿ ಹೂವನ್ನು ನೋಡಿದರು, ನನ್ನನ್ನು ನೋಡಿದರು. "ಇದು ವರ ಅಲ್ಲ ಕಣ್ಲಾ, ಇವ್ಳು ಅರ್ಚಿದ್ದಕ್ಕೆ ಅದ್ರಿ ಬಿತ್ತು" ಅಂದರು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮೈ ಕುಲುಕಿಸಿ ನಗತೊಡಗಿದರು. "ಇಷ್ಟೊಂದು ಗಂಟ್ಲು ಮಡಿಕ್ಕೊಂಡು ಇಷ್ಟ್ ವರ್ಸ ಚಟ್ನಿ ಚೆಂದಾಗದೆ ಅಂತಿದ್ಯಲ್ಲೇ! ನಡಿ, ಓಗಾನ. ಕಿಟ್ಕಿ ಸೀಟು ಮಾತ್ರ ನಂದು."

ಹೋದೆವು. ಅಲೆಗೆ ಮೊದಲು ಇಳಿದವರು ದೊಡ್ಡಜ್ಜಿ, ಮೇಲೆ ಬರಲೊಲ್ಲೆ ಅಂತ ಹಟ ಹಿಡಿದವರೂ ಅವರೇ. ನಾನು ಸುಮ್ಮನೆ ನಿಂತು ನೋಡಿದೆ. ಇಷ್ಟೊಂದು ನೀರು, ಒಂದು ನಾಲೆಯೂ ತೆಗೆದಿಲ್ಲವಲ್ಲ ಅನ್ನಿಸಿತು. ನಿಮ್ಮ ತಾತ ಇದ್ದಿದ್ದರೆ ಅದನ್ನೇ ಅನ್ನುತ್ತಿದ್ದರು.

ತೊಂದರೆ ಬಂದದ್ದು ಆಮೇಲೆ. ನನಗೂ ಬಾಯಿದೆ ಅಂತ ಎಲ್ಲರಿಗೂ ಗೊತ್ತಾಗಿಹೋಗಿದೆ. ಗೋಡೆಗೆ ಬಣ್ಣ ಯಾವುದು, ಗೊಬ್ಬರ ಯಾವುದು, ಎಲ್ಲಕ್ಕೂ ನನ್ನನ್ನೇ ಕೇಳುತ್ತಾರೆ. ಮೊನ್ನೆ ಇನ್ನೊಂದು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದರು. ಹೊರಗೆ ಬಂದ ಮೇಲೆ ಎಲ್ಲರೂ ನನ್ನ ಬಾಯನ್ನೇ ನೋಡುತ್ತಾ ನಿಂತರು. ನಾನು ಗಂಭೀರವಾಗಿ, "ಆ ತಾಯಿ ಪಾರ್ಟಿನವಳು ಚೆನ್ನಾಗಿ ಮಾಡಿದಾಳೆ" ಅಂದೆ. ಎಲ್ಲರೂ ಹೌದು ಹೌದು ಅಂದರು, ದೊಡ್ಡಜ್ಜಿಯೂ ಕೂಡ. ಟಾಕೀಸಿನ ತಣ್ಣನೆ ಗಾಳಿಗೆ ನಾನು ಪರದೆ ಮೇಲೆ ಹೆಸರು ಬೀಳುವಾಗಲೇ ನಿದ್ದೆ ಹೋಗಿದ್ದೆ. ಅದರಲ್ಲಿ ತಾಯಿ ಅನ್ನುವವಳು ಇದ್ದಳೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅದಕ್ಕೇ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳಾ, ದೊಡ್ಡಜ್ಜಿಯ ಕೈಗೆ ಮಾತ್ರ ಕೊಡಬೇಡಿ.