ಕಾರಿನ ಹಿಂದಿನ ಸೀಟು ಮತ್ತು ನಾನು

ಆಗ ನನಗೆ ಅರವತ್ತೊಂಬತ್ತು. ಮೂರು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ಕೂರಲು ಗುಡಿಯ ಕಟ್ಟೆ ಬೇಕಾಗುತ್ತದೆ ಎನ್ನುತ್ತಾರೆ. ನನಗೆ ಬೇಕಾಗಿದ್ದು ಕಾರಿನ ಹಿಂದಿನ ಸೀಟು. ದಿಲ್‌ಸುಖ್‌ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸೊಸೆ ಮನೆಯಲ್ಲೇ ಕೂತು ಆಫೀಸು ಮಾಡುತ್ತಾಳೆ. ಅವಳ ಮೀಟಿಂಗಿನ ಹೊತ್ತಿನಲ್ಲಿ ನಾನು ಸೀನಿದರೂ ಅತ್ತ ಕಡೆಯ ಸಾಹೇಬರು 'ಏನದು?' ಎನ್ನುತ್ತಾರಂತೆ. ಸುಮ್ಮನಿರುವುದು ನನ್ನ ಕೈಲಾಗದ ಕೆಲಸ. ಅದಕ್ಕೇ ಮಧ್ಯಾಹ್ನ ಬೆಳ್ಳುಳ್ಳಿಯ ಪುಟ್ಟಿ ಹಿಡಿದು ಪಾರ್ಕಿಂಗಿಗೆ ಇಳಿದು, ಮಗನ ಕಾರಿನಲ್ಲಿ ಕೂತು ಸುಲಿಯುತ್ತ, ನನ್ನೊಂದಿಗೆ ನಾನೇ ಮಾತಾಡುತ್ತ, ದೀಪ ಹಚ್ಚುವ ಹೊತ್ತಿಗೆ ಮೇಲೆ ಬರುತ್ತಿದ್ದೆ. ಮಗ ಮೆಟ್ರೋದಲ್ಲಿ ಓಡಾಡುವವನು. ಮನೆಯಲ್ಲಿ ಆ ಕಾರನ್ನು ದಿನಾ ಬಳಸುತ್ತಿದ್ದವಳು ನಾನೊಬ್ಬಳೇ, ಓಡಿಸದೆ.

ಸುಖವಾಗಿತ್ತು. ಒಂದು ದಿನ ಕಾರು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಖಾಲಿ ಎಂದರು. ಚಾರ್ಜ್ ಮಾಡಿಸಿ ತಂದರೆ ನಾಲ್ಕು ದಿನಕ್ಕೆ ಮತ್ತೆ ಖಾಲಿ. ಮಗ ಹೊಸದನ್ನೇ ತಂದು ಹಾಕಿದ. ಅದೂ ವಾರದೊಳಗೆ ಮಲಗಿತು. ಅವನು ಬ್ಯಾಟರಿ ಮಾಡಿದವರನ್ನು, ಮಾರಿದವರನ್ನು, ಕೊನೆಗೆ ಹೈದರಾಬಾದಿನ ಬಿಸಿಲನ್ನೂ ಬೈದ. ನಾನೂ ಜೊತೆಗೂಡಿ ಬೈದೆ. ಬೈಯುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ.

ಅಷ್ಟರಲ್ಲಿ ನಮ್ಮ ಸೆಕ್ರೆಟರಿ ರಾವ್ ಬೋರ್ಡಿಗೆ ಕಾಗದ ಅಂಟಿಸಿದರು. ಭಾನುವಾರ ಸಂಜೆ ನಾಲ್ಕಕ್ಕೆ ಎಲ್ಲ ಕಾರುಗಳೂ ತಳ್ಳಿಸಿಕೊಳ್ಳದೆ ಗೇಟಿನ ಹೊರಗೆ ಬರಬೇಕು. ಬಾರದ್ದು ಗುಜರಿ, ಅದರ ಜಾಗ ಎರಡು ಕಾರು ಇಟ್ಟುಕೊಂಡವರಿಗೆ. ಪಾರ್ಕಿಂಗಿನಲ್ಲಿ ರಿಪೇರಿ ಮಾಡಬಾರದು, ಮೆಕ್ಯಾನಿಕ್ ಒಳಗೆ ಬರಬಾರದು ಎಂಬುದು ಹಳೆಯ ರೂಲು. ಒಂದು ಸಲ ಬಿಡಿ ಎಂದು ಕೇಳಿದ್ದಕ್ಕೆ ರಾವ್ ತೆಲುಗಿನಲ್ಲಿ, "ರೂಲ್ ಅಂಟೇ ರೂಲೇ, ಅಮ್ಮಾ" ಎಂದರು. ರೂಲ್ ಅಂದರೆ ರೂಲೇ ಅಂತೆ.

ಭಾನುವಾರ ಮಗ, "ಹೋಗ್ಲಿ ಬಿಡವ್ವಾ, ಮಾರಿಬಿಡೂನು" ಎಂದು ಉಂಡು ಮಲಗಿದ. ಮಾರಿದರೆ ನಾನೆಲ್ಲಿ ಕೂಡಬೇಕು? ಹಿಂದಿನ ಗಲ್ಲಿಯ ಖಾಜಾನಿಗೆ ಫೋನ್ ಮಾಡಿದೆ. ಕಾರುಗಳ ವಯರಿಂಗ್ ಮಾಡುವವನು, ವಿಜಾಪುರದ ಕಡೆಯವನು. ಚೀಲದಲ್ಲಿ ಬೇರೊಂದು ಬ್ಯಾಟರಿ ಹೊತ್ತು ಬಂದ. ವಾಚ್‌ಮನ್‌ಗೆ, ನಮ್ಮೂರಿನವನು, ಊಟಕ್ಕೆ ಬಂದಿದ್ದಾನೆ ಎಂದೆ. ಸುಳ್ಳಾಗಬಾರದೆಂದು ಕಾರಿನಲ್ಲೇ ಕೂಡಿಸಿ ಎರಡು ರೊಟ್ಟಿ, ಶೇಂಗಾ ಚಟ್ನಿ ತಿನ್ನಿಸಿದೆ.

ಉಂಡ ಮೇಲೆ ಅವನು ಮೀಟರ್ ಹಚ್ಚಿ ನೋಡಿದ. ತನ್ನ ಬ್ಯಾಟರಿಯಿಂದ ವಯರು ಎಳೆದು ಇಂಜಿನ್ನನ್ನೂ ಎಬ್ಬಿಸಿದ.

"ಬ್ಯಾಟರಿ ಛಲೋ ಐತ್ರಿ ಅವ್ವಾರ. ಎಲ್ಲೋ ಕರೆಂಟ್ ಸೋರಾಕತ್ತೈತಿ. ಇಳೀರಿ, ಬಾಗ್ಲಾ ಹಾಕ್ರಿ."

ಇಳಿದೆ, ಮೆಲ್ಲಗೆ ಹಾಕಿದೆ. ಖಾಜಾ ಗಾಜಿನೊಳಗೆ ಇಣುಕಿ, ನನ್ನ ಮುಖ ನೋಡಿದ. ಒಳಗೆ ಚಾವಣಿಯ ದೀಪ ಉರಿಯುತ್ತಲೇ ಇತ್ತು.

"ದಿನಾ ಹಿಂಗ ಹಾಕ್ತೀರೇನ್ರಿ?"

"ಮತ್ತ ಹೆಂಗ ಹಾಕಬೇಕೋ? ದೀಪಾ ಹಚ್ಚೂ ಹೊತ್ನ್ಯಾಗ ಬಾಗ್ಲಾ ಬಡದ್ರ ಲಕ್ಷ್ಮಿ ಎದ್ದು ಹೋಗ್ತಾಳ."

"ಲಕ್ಷ್ಮಿ ಒಳಗ ಅದಾಳ್ರಿ. ಅಕೀಗೆ ರಾತ್ರಿಯೆಲ್ಲಾ ದೀಪಾ ಹಚ್ಚಿಟ್ಟು ಬ್ಯಾಟರಿ ಸತ್ತೈತಿ!"

ಮದುವೆಯಾಗಿ ಬಂದ ವಾರವೇ ಅತ್ತೆ ಕಲಿಸಿದ ಪಾಠವದು. ಐವತ್ತು ವರ್ಷ ಯಾವ ಬಾಗಿಲನ್ನೂ ಸದ್ದು ಮಾಡಿ ಹಾಕಿದವಳಲ್ಲ. ಕಾರಿನ ಬಾಗಿಲು ಅರ್ಧ ಕೂತರೆ ಒಳಗೆ ದೀಪ ಉರಿಯುತ್ತದೆಂದು ಅತ್ತೆಗೇನು ಗೊತ್ತು? ಅವರು ಕಂಡದ್ದು ಎತ್ತಿನ ಚಕ್ಕಡಿ. ಅದಕ್ಕೆ ಬಾಗಿಲೇ ಇರಲಿಲ್ಲ.

ಖಾಜಾ ಅರ್ಧ ತಾಸು ಇಂಜಿನ್ ಓಡಿಸಿ, ಬಾಗಿಲುಗಳನ್ನು ತಾನೇ ಬಡಿದು ಹೋದ. ನಾಲ್ಕಕ್ಕೆ ಮಗನನ್ನು ಎಬ್ಬಿಸಿ, ಖಾಜಾ ಬಂದು ಸರಿ ಮಾಡಿದ ಎಂದು ಕೀಲಿ ಕೈಗೆ ಕೊಟ್ಟೆ. ಒಂದೇ ಸಲಕ್ಕೆ ಸ್ಟಾರ್ಟ್ ಆಗಿ ಕಾರು ಗೇಟು ದಾಟಿತು. ರಾವ್ ಕಾಗದದ ಮೇಲೆ ಗುರುತು ಹಾಕಿದರು. ಮಗ, "ಖಾಜಾನ ಕೈಗುಣ ಭಾರಿ ಐತಿ ನೋಡವ್ವಾ" ಎಂದ. ಹೌದಪ್ಪಾ ಎಂದೆ. ಬಾಗಿಲಿನ ಸಂಗತಿ ಇವತ್ತಿಗೂ ಅವನಿಗೆ ಹೇಳಿಲ್ಲ. ಈ ಬರಹ ಓದಿದರೆ ತಿಳಿದುಕೊಳ್ಳಲಿ.

ಮರುದಿನ ಬೆಳಿಗ್ಗೆ ಸೊಸೆಯ ಮೀಟಿಂಗು ಬೇಗನೇ ಇತ್ತು. ನಾನೂ ಬೇಗನೇ ಇಳಿದು ಬೆಳ್ಳುಳ್ಳಿ ಮುಗಿಸಿ, ಎರಡೂ ಕೈಯಿಂದ ಕಾರಿನ ಬಾಗಿಲು ಬಡಿದೆ. ಪಕ್ಕದಲ್ಲಿದ್ದ ರಾವ್ ಅವರ ಕಾರು ಹೆದರಿ ಕುಂಯ್ ಕುಂಯ್ ಎಂದು ಬಾಯಿ ಮಾಡತೊಡಗಿತು. ನಾನು ಪುಟ್ಟಿ ಸೆರಗಿನಲ್ಲಿ ಮುಚ್ಚಿಕೊಂಡು ಮೇಲೆ ಹೋಗಿ, ಲಕ್ಷ್ಮಿಗೆ ಬೇಸರವಾಗಬಾರದೆಂದು ಮನೆಯ ಬಾಗಿಲನ್ನು ಎಂದಿಗಿಂತ ಮೆಲ್ಲಗೆ ಹಾಕಿದೆ.