ಚತ್ತಿಗೆ ಹತ್ತಿದ ಗಿಳಿಗಳು

ಭಗವಂತರಾಯನ ಪೀಕಲಾಟ ಶುರುವಾದದ್ದು ಅವನ ಭಾವಮೈದುನ ಬಾಲಪ್ಪ ಕಡಿದ ಹಪ್ಪಳದಿಂದ. ಸುರಪುರದಿಂದ ಅಕ್ಕನ ಮನೆಗೆ ಬಂದು ನಡುಮನೆಯಲ್ಲಿ ಉಣ್ಣಲು ಕೂತಿದ್ದ ಬಾಲಪ್ಪ, ಪುಂಡಿಪಲ್ಯದ ಪಕ್ಕದಲ್ಲಿ ಬೆಳ್ಳಗೆ ಕಂಡದ್ದನ್ನು ಎತ್ತಿ ಕಟುಂ ಎಂದು ಕಡಿದ. ಅದು ಹಪ್ಪಳವಾಗಿರಲಿಲ್ಲ. ಮೇಲಿನ ಸ್ಲ್ಯಾಬಿಗೆ ಮೆತ್ತಿದ್ದ ಸಿಮೆಂಟಿನ ಗಿಲಾವಿನಿಂದ ಕಳಚಿ ಬಿದ್ದ ಚಕ್ಕೆ.

ಬಾಯಿ ತೊಳೆದುಕೊಂಡು ಬಂದ ಬಾಲಪ್ಪ, “ಅಕ್ಕಾ, ಉಪ್ಪು ಕಮ್ಮಿ ಆಗ್ಯದ ನೋಡು,” ಎಂದು ನಕ್ಕು ಬಸ್ಸು ಹತ್ತಿ ಹೋದ. ಅಕ್ಕ ರೇಣಮ್ಮ ಮಾತ್ರ ನಗಲಿಲ್ಲ. ಸಂಜೆಯೊಳಗೆ ಈ ಸುದ್ದಿ ಸುರಪುರದ ತವರುಮನೆಯ ಕಟ್ಟೆಯ ಮೇಲೆಲ್ಲ ಹರಡುತ್ತದೆಂದು ಅವಳಿಗೆ ಗೊತ್ತಿತ್ತು.

“ಇನ್ನೊಂದ್ಸಲ ಈ ಚತ್ತಿಂದ ಒಂದು ಚೂರು ಬಿತ್ತಂದ್ರ ನಾ ಸುರಪುರಕ್ಕ ಹೋಗಾಕಿ. ನೀವು ಇಲ್ಲೇ ಕೂತು ಗಿಲಾವು ಉಣ್ರಿ,” ಎಂದಳು ಗಂಡನಿಗೆ.

ಭಗವಂತರಾಯ ಶಹಾಪುರದ ಕಡೆಯ ಕಾಲುವೆ ಕ್ಯಾಂಪಿನಲ್ಲಿ ಗುಮಾಸ್ತ. ಕೃಷ್ಣೆಯ ನೀರು ಹೊಲಕ್ಕೆ ಬರುವ ಮೊದಲೇ, ನೀರು ತರುವವರಿಗೆಂದು ಅವಸರದಲ್ಲಿ ಕಟ್ಟಿದ ಮನೆಗಳವು. ರೈಲಿನ ಡಬ್ಬಿಗಳಂತೆ ಒಂದಕ್ಕೊಂದು ಅಂಟಿಕೊಂಡು, ಎಲ್ಲವೂ ಒಂದೇ ಉದ್ದನೆಯ ಸ್ಲ್ಯಾಬಿನ ಕೆಳಗೆ ನಿಂತಿದ್ದವು. ಯಾರ ಮನೆಗೆ ಹೋದರೂ ಮೇಲಿನಿಂದ ಹಿಟ್ಟು ಉದುರಿದಂತೆ ಸುಣ್ಣ ಉದುರುತ್ತಿತ್ತು.

ಅವನು ಕಲಬುರ್ಗಿಗೆ ಹೋಗಿ ಗೋಡೆಗೆ ಅಂಟಿಸುವ ಬಣ್ಣದ ಕಾಗದದ ಸುರುಳಿಗಳನ್ನು ತಂದ. ಹಸಿರು ಬಳ್ಳಿಯ ಮೇಲೆ ಕೆಂಪು ಕೊಕ್ಕಿನ ಗಿಳಿಗಳು. ಗೋಡೆಗೆ ಹತ್ತುವುದು ಚತ್ತಿಗೆ ಯಾಕೆ ಹತ್ತಬಾರದು ಎಂಬುದು ಅವನ ಲೆಕ್ಕಾಚಾರ. ಅಡುಗೆಮನೆಗೆ ಕಾಗದ ಸಾಲದಿದ್ದರೂ ನಡುಮನೆಗೆ ಸಾಕಾಗುತ್ತಿತ್ತು. ಭಾನುವಾರ ಬೆಳಿಗ್ಗೆ ಮೈದಾಹಿಟ್ಟು ಕುದಿಸಿ ಅಂಟು ಮಾಡಿಕೊಂಡು, ಮೇಜಿನ ಮೇಲೆ ಸ್ಟೂಲಿಟ್ಟು ಏರಿದ.

ಮೊದಲ ಪಟ್ಟಿಯ ಒಂದು ತುದಿಯನ್ನು ಒತ್ತಿ ಇನ್ನೊಂದು ತುದಿಗೆ ಕೈ ಚಾಚುವಷ್ಟರಲ್ಲಿ ಅಂಟಿಸಿದ ತುದಿ ಕಳಚಿ ಬಂದು ಅವನ ತಲೆಯ ಮೇಲೆ ಮದುಮಗಳ ಸೆರಗಿನಂತೆ ಕೂತಿತು. ತಿರುಗಿ ಅದನ್ನು ಒತ್ತಿದರೆ ಈ ತುದಿ ಬಿತ್ತು. ಅಂಟು ಮೊಣಕೈಯಿಂದ ಇಳಿದು ಬಗಲು ಸೇರಿತು.

ಕಾಲುವೆಯ ಗೇಟಿನ ಕಾವಲು ಮುಗಿಸಿ ಆ ದಾರಿಯಲ್ಲೇ ಬರುತ್ತಿದ್ದ ಹಣಮಂತ್ರಾಯ ಬಾಗಿಲಲ್ಲಿ ನಿಂತ. ಕರೆಯದಿದ್ದರೂ ಬಂದು ಸಲಹೆ ಕೊಡುವುದು ಅವನ ಹುಟ್ಟುಗುಣ.

“ಭಗವಂತಣ್ಣ, ಹಂಗಲ್ಲೋ! ಕಸಬರಿಗಿ ಕೊಡು ಇಲ್ಲಿ. ನಾ ಈ ಕಡಿ ಒತ್ತಿ ಹಿಡೀತೀನಿ, ನೀ ಆ ಕಡಿ ಹಚ್ಚು.”

ಈ ಉಪಾಯವೇನೋ ಫಲಿಸಿತು. ಹಣಮಂತ್ರಾಯ ಕಸಬರಿಗೆಯನ್ನು ಮೇಲೆತ್ತಿ ನಿಶಾನೆ ಹಿಡಿದವನಂತೆ ನಿಂತ. ಪಟ್ಟಿ ಹತ್ತಿತು. ಅಷ್ಟರಲ್ಲಿ ಪಕ್ಕದ ಮನೆಯ ಟೀಚರ್ ದೇವಕಮ್ಮ ಮಜ್ಜಿಗೆ ಕೇಳಲು ಬಂದವಳು ಕತ್ತೆತ್ತಿ ನೋಡಿದಳು.

“ಯಣ್ಣಾ, ಗಿಣಿ ಎಲ್ಲಾ ತೆಳಗ ತೆಲಿ ಮಾಡಿ ಬಾವಲಿ ಜೋತಾಡಿದಂಗ ಕಾಣಾಕತ್ತಾವಲ್ರಿ!”

“ಅದು ಬಾಗಲದಾಗ ನಿಂತು ನೋಡಿದ್ರ,” ಎಂದ ಭಗವಂತರಾಯ. “ಅಡಗಿಮನಿ ಕಡಿಂದ ನೋಡ್ರಿ, ನೆಟ್ಟಗ ಅದಾವ.”

“ಚತ್ತು ನಿಂತು ನೋಡಬಾರದು, ಮಲಕೊಂಡು ನೋಡಬೇಕು,” ಎಂದು ದೇವಕಮ್ಮ ಚಾಪೆ ಎಳೆದು ಅಂಗಾತ ಮಲಗಿಯೇಬಿಟ್ಟಳು. ರೇಣಮ್ಮನೂ ಒಲೆ ಬಿಟ್ಟು ಬಂದು ಅವಳ ಪಕ್ಕ ಒರಗಿದಳು. ಇಬ್ಬರಿಗೂ ಒಂದೊಂದು ತರಹ ಕಂಡಿತು. ತೀರ್ಪು ಹೇಳಲು ಹಣಮಂತ್ರಾಯನೂ ತುಸು ದೂರದಲ್ಲಿ ಮಲಗಿದ. ಕಸಬರಿಗೆಯ ಆಸರೆ ತಪ್ಪಿತು. ಪಟ್ಟಿ ನಿಧಾನವಾಗಿ ಕಳಚಿ, ಮೂವರ ಮೇಲೂ ಹಸಿ ಕೌದಿಯಂತೆ ಹಾಸಿಕೊಂಡಿತು.

“ದಿನಾ ನೋಡಾಕಿ ನಾನು,” ಎಂದಳು ಕಾಗದದಿಂದ ಹೊರಬಂದ ರೇಣಮ್ಮ, ಕೂದಲಿನಿಂದ ಅಂಟು ಬಿಡಿಸಿಕೊಳ್ಳುತ್ತ. “ನನಗ ನೆಟ್ಟಗ ಕಂಡ್ರ ಸಾಕು. ಹಚ್ರಿ.”

ಮಾತು ಮುಗಿಯಿತು. ಮಧ್ಯಾಹ್ನ ಇಳಿಯುವ ತನಕ ಭಗವಂತರಾಯ ಅಂಟಿಸಿದ. ಎರಡು ಸಲ ಸ್ಟೂಲಿನಿಂದ ಜಾರಿದ. ಫ್ಯಾನಿಗೆಂದು ತೂತು ಕತ್ತರಿಸುವಾಗ ಒಂದು ಗಿಳಿಯ ರುಂಡ ಹೋಯಿತು. ಕತ್ತು ಮೇಲೆತ್ತಿದ್ದು ಅಲ್ಲೇ ಸೆಟೆದುಕೊಂಡು, ನೀರು ಕುಡಿಯುವ ಕೋಳಿಯಂತಾದ. ಆದರೆ ಕಾಗದ ನಿಂತಿತು. ಹಣಮಂತ್ರಾಯ ಕಸಬರಿಗೆಯ ಹಿಡಿಯಿಂದ ಅಲ್ಲಲ್ಲಿ ಮೆಲ್ಲಗೆ ಬಡಿದು ನೋಡಿದ. ಒಂದು ಚೂರೂ ಉದುರಲಿಲ್ಲ. ರೇಣಮ್ಮ ಮದುವೆಯಾದ ಹೊಸದರಲ್ಲಿ ನೋಡಿದಂತೆ ಗಂಡನನ್ನು ನೋಡಿ, ಕೇಳದೆಯೇ ಚಹಾ ತಂದುಕೊಟ್ಟಳು.

ಚಹಾ ಕುಡಿಯುತ್ತಿರುವಾಗ ಬಾಗಿಲ ಮುಂದೆ ಜೀಪು ನಿಂತಿತು. ಎಂಜಿನಿಯರ್ ಅಯ್ಯಪ್ಪನವರು ಇಳಿದರು. ಹಿಂದೆಯೇ ಸುತ್ತಿಗೆ, ಉಳಿ, ಸಿಮೆಂಟು ಸಮೇತ ಗೌಂಡಿಗಳು.

“ಭಗವಂತರಾಯ್ರ, ಮಾರ್ಚ್ ಮುಗಿಯಾಕ ಬಂತು. ಒಂದು ಮನಿ ಗಿಲಾವಿಂದು ಮಂಜೂರಿ ಉಳದದ, ಇವತ್ತ ಕೆಲಸ ಆಗಬೇಕು. ಎಲ್ಲಾಕಿಂತ ನಿಮ್ಮ ಮನಿ ಕೆಟ್ಟದ ಅಂತ ಕೇಳೀನಿ. ಎಲ್ಲಿ, ತೋರಿಸ್ರಿ.” ಎನ್ನುತ್ತ ಒಳಗೆ ಬಂದು ಮೇಲೆ ನೋಡಿದವರು ಹಾಗೆಯೇ ನಿಂತರು. “ಅರೇ! ಇದು ನನ್ನ ಬಂಗಲೆಗಿಂತ ಛಲೋ ಅದಲ್ರಿ!”

ಭಗವಂತರಾಯ ಚಹಾದ ಲೋಟ ಕೆಳಗಿಟ್ಟು ಎದ್ದ. “ಸಾಹೇಬ್ರ, ಅದು ಬರೇ ಕಾಗದ ರೀ. ಒಳಗ ಎಲ್ಲಾ ಹಾಳಾಗ್ಯದ.”

“ಏನ್ ಹಾಳು?” ಹಣಮಂತ್ರಾಯ ಗೆಳೆಯನ ಮಾನ ಕಾಯಲು ಮುಂದೆ ಬಂದ. “ನಾನ ಬಡದು ನೋಡೀನ್ರಿ ಸಾಹೇಬ್ರ. ಕಲ್ಲಿದ್ದಂಗ ಅದ!”

“ನಮ್ಮ ಮನಿಯವರು ಒಬ್ಬರೇ ಮಾಡ್ಯಾರ್ರಿ,” ಎಂದಳು ರೇಣಮ್ಮ, ಹೆಮ್ಮೆ ತಡೆಯಲಾಗದೆ.

“ಅವರಿಗೇನು ಚಿಂತಿಲ್ರಿ,” ಎಂದಳು ದೇವಕಮ್ಮ. “ನಮ್ಮ ಮನಿ ಒಂದೀಟು ನೋಡಬರ್ರಿ ಸಾಹೇಬ್ರ.”

ಸಾಹೇಬರು ಹೋಗಿ ನೋಡಿದರು. ಅವರ ಹಿಂದೆ ಗೌಂಡಿಗಳೂ ಹೋದರು. ಸ್ವಲ್ಪ ಹೊತ್ತಿಗೆ ದೇವಕಮ್ಮನ ಚತ್ತಿನ ಹಳೆಯ ಗಿಲಾವು ಕೆಡಹುವ ಸುತ್ತಿಗೆಯ ಪೆಟ್ಟು ಕೇಳತೊಡಗಿತು. ಪೆಟ್ಟು ಬಿದ್ದದ್ದು ಆ ಮನೆಗೆ, ನಡುಗಿದ್ದು ಇಡೀ ಸ್ಲ್ಯಾಬು. ಗೋಡೆಯ ಈಚೆ ಗಿಳಿಗಳ ನಡುವೆ ಸಣ್ಣದೊಂದು ಉಬ್ಬು ಎದ್ದಿತು. ಮತ್ತೊಂದು ಪೆಟ್ಟಿಗೆ ಅದು ದೊಡ್ಡದಾಯಿತು. ಕಾಗದದ ಒಳಗೇ ಗಿಲಾವು ಕಳಚಿ ಕಳಚಿ ಕೂಡುತ್ತ, ನಡುಮನೆಯ ಚತ್ತು ದಿನ ತುಂಬಿದ ಎಮ್ಮೆಯ ಹೊಟ್ಟೆಯಂತೆ ಜೋತುಬಿತ್ತು.

ಭಗವಂತರಾಯ ಮೇಜು ಹತ್ತಿ ಎರಡೂ ಕೈಯಿಂದ ಅದನ್ನು ಆತುಕೊಂಡ. “ಹಣಮಂತಾ, ಅವರಿಗೆ ನಿಲ್ಲಸಂತ ಹೇಳೋ!” ಎಂದು ಕೂಗಿದ. ಹಣಮಂತ್ರಾಯ ಓಡಿದ. ಅವನು ಹೊಸ್ತಿಲು ದಾಟುವುದಕ್ಕೂ ಕಾಗದ ಪರ್‌ ಎಂದು ಹರಿಯುವುದಕ್ಕೂ ಸರಿಹೋಯಿತು.

ಸದ್ದು ಕೇಳಿ ಬಂದ ಅಯ್ಯಪ್ಪನವರಿಗೆ ಧೂಳಿನ ನಡುವೆ, ಹರಿದ ಕಾಗದದಿಂದ ತಲೆ ಹೊರಗೆ ಹಾಕಿ ನಿಂತ, ಅಡಿಯಿಂದ ಮುಡಿಯವರೆಗೆ ಬೆಳ್ಳಗಾದ ಗುಮಾಸ್ತ ಕಂಡ.

“ಸಾಹೇಬ್ರ, ಈಗರ ನೋಡ್ರಿ...” ಎಂದ ಭಗವಂತರಾಯ.

“ನೋಡಾಕತ್ತೀನಿ. ಮಂಜೂರಿ ಒಂದು ಮನಿಗಿತ್ತು, ಮುಗೀತು. ಅದಿರಲಿ, ಸರ್ಕಾರದ ಚತ್ತಿಗಿ ಕಾಗದ ಹಚ್ಚಾಕ ಯಾರ ಪರವಾನಗಿ ತಗೊಂಡಿದ್ರಿ? ನಾಳಿ ಆಫೀಸಿಗೆ ಬಂದು ಜವಾಬು ಬರದು ಕೊಡ್ರಿ.”

ಸುರಪುರದ ಕೊನೆಯ ಬಸ್ಸು ಹೋಗಿಯಾಗಿತ್ತು. ರೇಣಮ್ಮ ಅಡುಗೆಮನೆಗೆ ನಡೆದು ಒಲೆ ಹೊತ್ತಿಸಿದಳು. ಗೌಂಡಿಗಳು ಅಷ್ಟೊತ್ತಿಗೆ ಗೋಡೆಯಾಚೆ ದೇವಕಮ್ಮನ ಅಡುಗೆಮನೆಗೆ ಹೊರಳಿದ್ದರು; ಈಚೆ ಒಲೆಯ ಮೇಲೂ ಚಕ್ಕೆ ಉದುರತೊಡಗಿತು.

ಸಂಜೆ ಆ ಸಾಲಿನಲ್ಲಿ ಹಾದುಹೋದವರಿಗೆ ಸುತ್ತಿಗೆಯ ಪೆಟ್ಟೂ ರೊಟ್ಟಿ ಬಡಿಯುವ ಸದ್ದೂ ಕೂಡಿಯೇ ಕೇಳುತ್ತಿದ್ದವು. ಇಣುಕಿ ನೋಡಿದವರಿಗೆ, ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ತಲೆಯ ಮೇಲೆ, ಸೆಟೆದ ಕತ್ತಿನ ಭಗವಂತರಾಯ ಕೊಡೆ ಬಿಚ್ಚಿ ಹಿಡಿದು ನಿಂತಿದ್ದು ಕಂಡಿತು.

“ತವಿ ಕಡಿನೂ ಸ್ವಲ್ಪ ಹಿಡೀರಿ,” ಎನ್ನುತ್ತಿದ್ದಳು ರೇಣಮ್ಮ.