ಗಾಲ್ಫ್ ಮೈದಾನದ ಚೆಕ್ಕುಬಂದಿ

ಮೂವತ್ತು ವರ್ಷ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ನಿವೃತ್ತಿಯಾದ ಮೇಲಾದರೂ ಸುಮ್ಮನಿರೋಣ ಎಂದರೆ ಅವು ಮನೆ ಹುಡುಕಿಕೊಂಡು ಬರುತ್ತವೆ.

ಪಹಣಿ ಆಗಷ್ಟೇ ಕಂಪ್ಯೂಟರಿನಲ್ಲಿ ಬರತೊಡಗಿದ್ದ ಕಾಲ. ಕೊಪ್ಪದಿಂದ ನರಸಿಂಹರಾಜಪುರದ ಕಡೆಗೆ ಹೋಗುವಾಗ ಸಿಗುವ ಪ್ಲಾಂಟರುಗಳ ಕ್ಲಬ್ಬಿನ ಕಾರ್ಯದರ್ಶಿ ಒಂದು ದಿನ ಮನೆಗೆ ಬಂದರು. ತಮ್ಮ ಹಳೇ ಗಾಲ್ಫ್ ಮೈದಾನದ ಬಗ್ಗೆ ಪುಸ್ತಕ ಮಾಡಿಸುತ್ತಿದ್ದಾರಂತೆ. ಬಿಳಿ ದೊರೆಗಳು ಯಾರ್ಯಾರಿಂದ ಜಮೀನು ಕೊಂಡರು, ಮೈದಾನದ ವಿನ್ಯಾಸ ಯಾರದು, ಇಷ್ಟು ಹುಡುಕಿಕೊಡಬೇಕು ಎಂದರು.

ನಾನು ಮರುಮಾತಿಲ್ಲದೆ ಒಪ್ಪಿದೆ. ಅಮ್ಮನ ತವರುಮನೆ ಇದ್ದದ್ದು ಆ ಮೈದಾನದಲ್ಲೇ. ಅವಳನ್ನು ಕೆರೆಕಟ್ಟೆಗೆ ಮದುವೆ ಮಾಡಿಕೊಟ್ಟ ವರ್ಷವೇ ಅಜ್ಜ ಎಲ್ಲವನ್ನೂ ದೊರೆಗೆ ಮಾರಿ ಘಟ್ಟ ಇಳಿದು ದೂರದ ಊರು ಸೇರಿಬಿಟ್ಟಿದ್ದ. ಹಬ್ಬಕ್ಕೆ ಓರಗಿತ್ತಿಯರು ತವರಿಗೆ ಹೊರಟರೆ ಅಮ್ಮ ರಸ್ತೆಯವರೆಗೆ ಹೋಗಿ ಕಳಿಸಿ ಬರುತ್ತಿದ್ದಳು. ಎಂಬತ್ತು ಸಮೀಪಿಸಿದರೂ ಅವಳಿಗೆ ಇದ್ದದ್ದು ಒಂದೇ ಆಸೆ, ಆ ಮನೆ ಇದ್ದ ಜಾಗದಲ್ಲಿ ಒಮ್ಮೆ ನಿಲ್ಲಬೇಕು. ಸದಸ್ಯರಲ್ಲದವರನ್ನು ಬೇಲಿಯೊಳಗೆ ಬಿಡುತ್ತಿರಲಿಲ್ಲ. ನನಗೂ ಆ ಜಾಗ ನೋಡಬೇಕಿತ್ತು. ಅಜ್ಜನ ಮನೆಯ ಬೇಸಿಗೆ ರಜೆ ಎನ್ನುವುದು ನನ್ನ ಬಾಲ್ಯದಲ್ಲಿ ಇರಲೇ ಇಲ್ಲ.

ಪೂರ್ವಕ್ಕೆ ಹಲಸಿನ ಮರ

ಸಿಕ್ಕ ಮೊದಲ ಕ್ರಯಪತ್ರದ ಚೆಕ್ಕುಬಂದಿ ಹೀಗಿತ್ತು: ಪೂರ್ವಕ್ಕೆ ಹಲಸಿನ ಮರ, ಪಶ್ಚಿಮಕ್ಕೆ ದನ ಹೋಗುವ ಹಾದಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇದೇ ಸ್ವತ್ತಿನ ಉಳಿಕೆ ಜಮೀನು. ಮರ ಸಿಕ್ಕಿದರೆ ಮಿಕ್ಕಿದ್ದನ್ನು ಅಳೆದುಬಿಡಬಹುದು. ಎರಡು ದಿನ ಹುಡುಕಿದೆ, ಬುಡ ಕೂಡ ಸಿಗಲಿಲ್ಲ. ಕೊನೆಗೆ ಆ ಜಮೀನು ಮಾರಿದವರ ಮೊಮ್ಮಗ ಹರಿಹರಪುರದಲ್ಲಿದ್ದಾರೆಂದು ಗೊತ್ತಾಗಿ ಅವರ ಮನೆಗೆ ಹೋದೆ.

"ಹಲಸಿನ ಮರ ಕೇಳಿದ್ರಾ? ಜಮೀನು ಕೊಡೋ ಮೊದಲು ಅಜ್ಜ ಅದನ್ನ ಕಡಿಸಿ ಗಾಡಿ ಮೇಲೆ ತಂದ್ರಂತೆ" ಎಂದ ಆ ಯಜಮಾನರು ಹೆಬ್ಬಾಗಿಲನ್ನು ತಟ್ಟಿ ತೋರಿಸಿದರು. "ಇದೇ ಮಾರಾಯ್ರೆ. ನೀವು ಆಗಲೇ ಪೂರ್ವದ ಗಡಿ ದಾಟಿ ಒಳಗೆ ಬಂದಾಗಿದೆ. ಕಾಫಿ ಕುಡ್ಕೊಂಡೇ ಹೋಗಿ."

ವಿನ್ಯಾಸಕಾರ

ಅದೇ ಯಜಮಾನರನ್ನು ಮೈದಾನಕ್ಕೆ ಕರೆದೊಯ್ದೆ. ಕಾರ್ಯದರ್ಶಿಗಳು ಉತ್ಸಾಹದಿಂದ ತೋರಿಸುತ್ತಾ ಹೋದರು. ನೇರ ಹೋಗಬೇಕಾದ ಹುಲ್ಲುಹಾದಿ ಒಂದು ಕಡೆ ಥಟ್ಟನೆ ಎಡಕ್ಕೆ ತಿರುಗುತ್ತದೆ. ತಿರುವಿನಲ್ಲೊಂದು ದೊಡ್ಡ ಮರಳಿನ ಗುಂಡಿ. ಚೆಂಡು ಅದರೊಳಗೆ ಬಿದ್ದರೆ ಆಟಗಾರ ಕೆಟ್ಟ ಹಾಗೆಯೇ. ಇದು ಇಂಗ್ಲೆಂಡಿನಿಂದ ಬಂದ ಯಾರೋ ಮೇಧಾವಿಯ ಕಲ್ಪನೆ, ಅವರ ಹೆಸರೊಂದು ಸಿಕ್ಕಿದರೆ ಸಾಕು ಎಂದರು.

ಯಜಮಾನರು ತಲೆ ಕೆರೆದುಕೊಂಡರು. "ಎಡಕ್ಕೆ ತಿರುಗಿದ್ದು ಎದುರಿಗೆ ನಮ್ಮ ಸಸಿಮಡಿ ಇತ್ತು ಅಂತ. ಅಗೆ ಹಾಕಿದ ಗದ್ದೆ ಕೊಡಲ್ಲ ಅಂದಿದ್ರು ಅಜ್ಜ. ಇದು ನಮ್ಮ ಗೊಬ್ಬರದ ಗುಂಡಿ."

ಕಾರ್ಯದರ್ಶಿಗಳು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಪುಸ್ತಕ ಬೇರೆ ಕ್ಲಬ್ಬಿನವರೂ ಓದ್ತಾರೆ. ಗೊಬ್ಬರದ ಮಾತು ಬೇಡ ಅಲ್ವಾ?"

"ಅಯ್ಯೋ, ಅದರ ಚಿಂತೆ ಬೇಡ" ಎಂದರು ಯಜಮಾನರು. "ಗೊಬ್ಬರ ಪೂರ್ತಿ ನಾವೇ ಹೊತ್ಕೊಂಡು ಹೋಗಿದ್ವಿ. ದೊರೆಗೆ ಕೊಟ್ಟಿದ್ದು ಗುಂಡಿ ಮಾತ್ರ."

ನಕ್ಷೆಯಲ್ಲಿ ಇಲ್ಲದ್ದು

ಹಳೇ ಗ್ರಾಮನಕ್ಷೆಯಲ್ಲಿ ನನ್ನ ಅಜ್ಜನ ಸರ್ವೆ ನಂಬರು ಸಿಕ್ಕಿತು. ಅದೇ ದಿನ ನಕ್ಷೆಯನ್ನು ಮನೆಗೆ ತಂದು ಜಗಲಿಯಲ್ಲಿ ಹರಡಿ, "ನೋಡಮ್ಮ, ಇದೇ" ಎಂದೆ. ಅವಳು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಅಡುಗೆಮನೆ ಯಾವುದು?"

"ನಕ್ಷೆಯಲ್ಲಿ ಅಡುಗೆಮನೆ ಎಲ್ಲ ಇರಲ್ಲಮ್ಮ. ಗಡಿ ಮಾತ್ರ."

"ಮೂವತ್ತು ವರ್ಷ ಎಂತ ಅಳೆದೆಯೋ ಮಾರಾಯ" ಎಂದು ಅವಳು ಎದ್ದು ಒಳಗೆ ಹೋದಳು.

ಇಪ್ಪತ್ತೆರಡು ಹೆಜ್ಜೆ

ಕಾರ್ಯದರ್ಶಿಗಳಿಗೆ ಅಮ್ಮನ ಆಸೆ ಹೇಳಿದೆ. ಒಳ್ಳೆಯ ಮನುಷ್ಯ, ತಾವೇ ಜೀಪು ಕಳಿಸಿದರು. ಮೈದಾನದಲ್ಲಿ ಅಮ್ಮ ಗುರುತು ಹಿಡಿದದ್ದು ಒಂದೇ ಒಂದನ್ನು, ಹುಲ್ಲಿಗೆ ನೀರು ಬಿಡಲು ಈಗಲೂ ಬಳಸುವ ಹಳೇ ಬಾವಿಯನ್ನು. "ಬಾವಿಯಿಂದ ಅಡುಗೆಮನೆಗೆ ಇಪ್ಪತ್ತೆರಡು ಹೆಜ್ಜೆ" ಎಂದಳು. ನಾನು ಚೀಲದಿಂದ ಟೇಪು ತೆಗೆದೆ. ಅವಳು ಅದರ ಕಡೆ ನೋಡಲೂ ಇಲ್ಲ. ತುಂಬಿದ ಕೊಡ ಹೊತ್ತವಳ ಹಾಗೆ ಸೊಂಟದ ಮೇಲೆ ಕೈ ಇಟ್ಟು, ಸ್ವಲ್ಪ ವಾಲಿಕೊಂಡು, ಎಣಿಸುತ್ತಾ ಹೊರಟಳು. ಹದಿನಾಲ್ಕರ ಹುಡುಗಿಯೊಬ್ಬಳು ನನ್ನ ಮುಂದೆ ನಡೆದುಹೋದ ಹಾಗಾಯಿತು.

ಇಪ್ಪತ್ತೆರಡಕ್ಕೆ ಅವಳು ನಿಂತದ್ದು ಬಾವುಟ ನೆಟ್ಟ ನುಣುಪು ಹುಲ್ಲಿನ ಮೇಲೆ. ಆಟಗಾರರು ಚೆಂಡನ್ನು ಕೊನೆಗೆ ಕುಳಿಗೆ ಹಾಕುವುದು ಅಲ್ಲಿ. ನಾಲ್ವರು ಕೋಲು ಹಿಡಿದು ಪಕ್ಕದಲ್ಲಿ ಕಾಯುತ್ತಿದ್ದರು. ಅಮ್ಮ ಚಪ್ಪಲಿ ಬಿಟ್ಟು ಕುಳಿಯ ಹತ್ತಿರ ಕೂತಳು.

"ಒರಳು ಕಿತ್ತ ಗುಂಡಿ ಹಾಗೇ ಇಟ್ಕೊಂಡಿದಾರೆ ಪಾಪ" ಎಂದವಳು ಸುತ್ತ ನೋಡಿ ಹುಬ್ಬು ಗಂಟಿಕ್ಕಿದಳು. "ಆದ್ರೆ ಇದು ಇಲ್ಲಿ ಇರ್ಲಿಲ್ಲ. ಒಲೆ ಪಕ್ಕ, ಆ ಕಡೆ ಇತ್ತು."

ಹುಲ್ಲು ನೋಡಿಕೊಳ್ಳುವ ಮೇಸ್ತ್ರಿ ವಿನಯದಿಂದ ವಿವರಿಸಿದ. "ಒಂದೇ ಕಡೆ ಇದ್ರೆ ಹುಲ್ಲು ಸವೆಯುತ್ತಮ್ಮ. ಅದಕ್ಕೆ ವಾರಕ್ಕೊಂದ್ಸಲ ಇದನ್ನ ಮುಚ್ಚಿ ಬೇರೆ ಕಡೆ ಕುಳಿ ತೆಗೀತೀವಿ."

"ಮನೆ ಹೋಗಿದ್ದು ಹೋಯ್ತು. ವಾರಕ್ಕೊಂದು ಕಡೆ ಒರಳು ಇಟ್ರೆ ಹೆಂಗಸ್ರು ಎಲ್ಲಿ ಅಂತ ಕೂತು ರುಬ್ಬೋದು?"

ಕಾಯುತ್ತಿದ್ದ ನಾಲ್ವರೂ ನಕ್ಕರು. ಕಾರ್ಯದರ್ಶಿಗಳು ಮಾತ್ರ ನಗಲಿಲ್ಲ. "ಎಲ್ಲಿರಬೇಕು, ನೀವೇ ತೋರಿಸಿ" ಎಂದರು. ಅಮ್ಮ ತೋರಿಸಿದಳು. ಮೇಸ್ತ್ರಿ ಅಲ್ಲೇ ಕುಳಿ ತೆಗೆದ.

ಅವಳು ಅದರ ಮುಂದೆ ಕಾಲು ಚಾಚಿ ಕೂತು, ಮಣಿಕಟ್ಟಿನವರೆಗೆ ಕೈ ಇಳಿಸಿ, ನಿಧಾನವಾಗಿ ಸುತ್ತಿಸತೊಡಗಿದಳು. ಹತ್ತು ನಿಮಿಷವಾಯಿತು. ಹಿಂದಿನಿಂದ ಆಡುತ್ತಾ ಬಂದ ಇನ್ನೊಂದು ತಂಡವೂ ಸಾಲಿನಲ್ಲಿ ನಿಂತಿತು. ಕೊನೆಗೆ ಒಬ್ಬರು ಮೆಲ್ಲಗೆ, "ಆಯ್ತಾ ಅಮ್ಮ?" ಎಂದು ಕೇಳಿದರು.

ಅಮ್ಮ ತಲೆ ಎತ್ತಲಿಲ್ಲ.

"ತಡೀರಿ. ಇನ್ನೂ ನುಣ್ಣಗಾಗಿಲ್ಲ."